ಅಕ್ಕನ ಸೀಟಿನ ಕೆಳಗಿನ ಆಂಪ್ಲಿಫೈಯರ್

ಮೊನ್ನೆ ಹಾನಗಲ್ಲಿನ ಮನೆಯಂಗಳದಲ್ಲಿ ಕಾರಿನ ಎಡಗಡೆಯ ಮುಂದಿನ ಸೀಟು ಬಿಚ್ಚಿ ಕೆಳಗಿಟ್ಟೆ. ಕಮಟು ಕೊಬ್ಬರಿಯ ವಾಸನೆ ಬಂತು. ನೀವು ನಗಬಹುದು, ಆ ವಾಸನೆಗೆ ನನ್ನ ಕೈಯಲ್ಲಿನ ಬೋಲ್ಟು ಬಿಚ್ಚುವ ಪಾನಾ ಅಲ್ಲೇ ನಿಂತಿತು. ಅದು ಅಕ್ಕ ಕೂಡುತ್ತಿದ್ದ ಸೀಟು. ಅಕ್ಕ ತೀರಿಕೊಂಡು ಒಂದು ಮಳೆಗಾಲ ಕಳೆದಿದೆ.

ಸೀಟಿನ ಕೆಳಗಿರುವುದು ಹಾಡಿನ ಡಬ್ಬಿ, ಅಂದರೆ ಆಂಪ್ಲಿಫೈಯರ್. ಅದಕ್ಕೊಂದು ಹಳೇ ಚಾಳಿ: ತಗ್ಗು ಬಂದರೆ ಬಾಯಿ ಮುಚ್ಚುವುದು, ಮನಸ್ಸು ಬಂದಾಗ ತೆರೆಯುವುದು. ನಾನೇನು ಕಡಿಮೆ ಶಾಣ್ಯಾ ಅಲ್ಲ. ಫ್ಯೂಸು ಬದಲಿಸಿದೆ, ಸವಣೂರಿನಿಂದ ಸ್ಪೀಕರಿನ ವೈರು ತಂದು ಹಾಕಿದೆ, ಕೊನೆಗೆ ರಸ್ತೆಯನ್ನೇ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮಾಸೂರಿಗೆ ಕೊಟ್ಟಿದ್ದ ಅಕ್ಕನನ್ನು ಹಬ್ಬಕ್ಕೆ ಕರೆತರುವುದು ನನ್ನ ಪಾಲಿನ ಕೆಲಸ. ದಾರಿಯಲ್ಲಿ ಭಜನೆಯ ಪದ ಅರ್ಧಕ್ಕೆ ನಿಂತರೆ ನಾನು ಹಲ್ಲು ಕಡಿಯುತ್ತಿದ್ದೆ, ಅಕ್ಕ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

"ಅದು ದಣದೈತಿ, ಬಿಡೋ ತಮ್ಮಾ. ಮುಂದಿಂದು ನಾ ಹಾಡ್ತೇನಿ."

ನಿಂತ ಸಾಲಿನಿಂದಲೇ ಎತ್ತಿಕೊಳ್ಳುತ್ತಿದ್ದಳು. ದನಿ ಕೇಳದಿದ್ದರೂ ಒಳಗೆ ಪದ ಓಡುತ್ತಲೇ ಇರುತ್ತದಲ್ಲ, ಡಬ್ಬಿ ಮತ್ತೆ ಬಾಯಿ ತೆರೆದಾಗ ಅದು ಮುಂದೋ ತಾನು ಮುಂದೋ ಎಂದು ನೋಡುವುದು ಆಕೆಯ ಆಟ. "ನೋಡ, ನಾನ ಮುಂದ ಅದೇನಿ!" ನಾನು ಮಾತ್ರ ರಿಪೇರಿಯ ಚಿಂತೆಯಲ್ಲೇ ಇರುತ್ತಿದ್ದೆ.

ಮಹಾನವಮಿಯ ಖಂಡೇಪೂಜೆಯ ದಿನ ಗಾಲಿಗಳಿಗೆ ನಿಂಬೆಹಣ್ಣು ಇಟ್ಟ ಮೇಲೆ ಅಕ್ಕ ಸೀಟಿನ ಕೆಳಗೂ ಬಗ್ಗಿ ಕುಂಕುಮ ಹಚ್ಚಿ, ಒಡೆದ ಕಾಯಿಯ ನೀರು ಚಿಮುಕಿಸುತ್ತಿದ್ದಳು.

"ಅಕ್ಕಾ, ಕರೆಂಟಿನ ಸಾಮಾನದು. ನೀರು ಬ್ಯಾಡ."

"ಸುಮ್ನಿರೋ! ದುಡಿಯೋ ಸಾಮಾನಿಗೆ ಪೂಜಿ ಬ್ಯಾಡೇನು? ಪಾಪ, ನೆಲದಾಗ ಕುಂತು ಹಾಡತೈತಿ."

ಮೊನ್ನೆ ಸೀಟು ಬಿಚ್ಚಿ ನೋಡಿದರೆ, ಆ ನೀರು ಡಬ್ಬಿಗೆ ಏನೂ ಮಾಡಿರಲಿಲ್ಲ. ಅದರ ಅರ್ಥಿಂಗ್ ವೈರನ್ನು ಕಾರಿನ ತಳಕ್ಕೆ ಬಿಗಿದ ಬೋಲ್ಟಿನ ಮೇಲೆ ವರ್ಷವರ್ಷವೂ ಇಳಿದು, ಕುಂಕುಮದೊಡನೆ ಹೆಪ್ಪುಗಟ್ಟಿ, ತುಕ್ಕು ಹಿಡಿಸಿತ್ತು. ಕಾರು ಕುಲುಕಿದರೆ ವೈರು ಹಿಡಿತ ಬಿಡುತ್ತಿತ್ತು, ಅಷ್ಟೇ. ಸ್ಯಾಂಡ್ ಪೇಪರಿನಿಂದ ಉಜ್ಜಿ ಬಿಗಿದೆ. ಬೆರಳಿಗೆ ಕೆಂಪು ಪುಡಿ ಹತ್ತಿತು. ಅದರಲ್ಲಿ ತುಕ್ಕೆಷ್ಟು, ಅಕ್ಕನ ಕುಂಕುಮವೆಷ್ಟು ತಿಳಿಯಲಿಲ್ಲ. ಒರೆಸಿಕೊಂಡು ಸೀಟನ್ನು ಮತ್ತೆ ಕೂಡಿಸಿದೆ.

ಪರೀಕ್ಷೆಗೆಂದು ಅಕ್ಕನ ಮೆಚ್ಚಿನ ಪದ ಹಚ್ಚಿಕೊಂಡು ಹೊರಟವನು ಮಾಸೂರಿನ ದಾರಿಯನ್ನೇ ಹಿಡಿದೆ. ಕೆರೆಯ ಹತ್ತಿರದ ತಗ್ಗಿನಲ್ಲಿ ಗಾಲಿ ದೊಪ್ಪೆಂದು ಬಿದ್ದರೂ ಪದ ನಿಲ್ಲಲಿಲ್ಲ. ಇಷ್ಟು ವರ್ಷ ಬೇಡಿದ್ದು ಕೈಗೂಡಿತ್ತು, ಖುಷಿ ಮಾತ್ರ ಆಗಲಿಲ್ಲ. ಕಾರು ಬದಿಗೆ ಹಾಕಿ, ಅಕ್ಕ ಎತ್ತಿಕೊಳ್ಳುತ್ತಿದ್ದ ಸಾಲಿಗೆ ಪದ ಬರುತ್ತಲೇ ಸೌಂಡು ನಾನೇ ಬಂದ್ ಮಾಡಿದೆ. ಗಂಟಲು ಸರಿಮಾಡಿಕೊಂಡೆ.

ಮುಂದಿನ ಸಾಲು ನನಗೆ ಬರುತ್ತಿರಲಿಲ್ಲ.