ಬಳೆ ಅಂಗಡಿ ಕಾಕಾನ ಎದೆನೋವು

ಇ.ಸಿ.ಜಿ.ಗೆ ಮುನ್ನೂರು ಎಂದರು; ಚೌಕಾಸಿ ಮಾಡಿ ಇನ್ನೂರೈವತ್ತಕ್ಕೆ ತೆಗೆಸಿಕೊಂಡೆ. ವಯಸ್ಸು ಐವತ್ತರ ಹತ್ತಿರ, ಬಿ.ಪಿ. ಬೇರೆ ಇದೆ, ಅದಕ್ಕೆ. ಹುಮನಾಬಾದಿನ ಆಸ್ಪತ್ರೆಯಲ್ಲಿ ಎದೆಗೆ ತಣ್ಣನೆಯ ಜೆಲ್ ಹಚ್ಚುತ್ತಿದ್ದಂತೆ ಬಳೆ ಅಂಗಡಿ ಕಾಕಾ ನೆನಪಾದರು. ಅವರಿಗೆ ಇಷ್ಟೂ ಸಿಗಲಿಲ್ಲ…

ಬಸವಕಲ್ಯಾಣದ ಪೇಟೆಯಲ್ಲಿ ನನ್ನ ಪಾತ್ರೆ ಅಂಗಡಿಗೆ ಹೊಂದಿಕೊಂಡೇ ಅವರ ಅಂಗಡಿ. ತಲೆಯ ಮೇಲೆ ಬುಟ್ಟಿ ಹೊತ್ತು ಪಾತ್ರೆ ಮಾರುತ್ತಿದ್ದ ಕಾಲದಲ್ಲಿ ನನ್ನನ್ನು 'ಬಾರವ್ವಾ' ಎಂದು ಕರೆದು ನೆರಳಲ್ಲಿ ಕೂರಿಸಿದವರು ಅವರೇ. ಬೇರೆ ಯಾರಿಗೂ ಕೇಳದ ದನಿಗಳು ಅವರ ಕಿವಿಯಲ್ಲಿ ಮಾತಾಡುತ್ತಿದ್ದವು. ತಪ್ಪದೆ ಗುಳಿಗೆ ನುಂಗಿ ದನಿಗಳನ್ನು ಅಡಗಿಸಿಟ್ಟುಕೊಂಡು, ಚೆನ್ನಾಗಿಯೇ ವ್ಯಾಪಾರ ಮಾಡುತ್ತಿದ್ದರು. ಅದೇ ಗುಳಿಗೆಯಿಂದ ಮೈ ಬಂತು, ಹೊಟ್ಟೆ ಬಂತು. ಪೇಟೆಯವರು ಅದನ್ನೇ ಗುಣವಾದ ಗುರುತು ಎಂದುಕೊಂಡರು.

"ಕಾಕಾ, ಗುಂಡಗಾಗೀರಿ. ಜಡ್ಡು ಹೋಯ್ತು ನಿಮ್ದು."

"ಹೊಟ್ಟಿ ಸೇಠಂದು ಬಂದದ. ಗಲ್ಲಾಪೆಟ್ಟಿಗಿ ಇನ್ನ ಬರಬೇಕು ನೋಡು," ಎನ್ನುತ್ತಿದ್ದರು ಕಾಕಾ.

'ಪಾಪ' ಎನ್ನುತ್ತ ಒಬ್ಬರು ಸಕ್ಕರೆ ಹೆಚ್ಚಿಗೆ ಹಾಕಿದ ಚಹಾ ಕೊಡುವುದು, ಇನ್ನೊಬ್ಬರು ಜಿಲೇಬಿ, ಮತ್ತೊಬ್ಬರು ಬೀಡಿ. ಬೇಡ ಎಂದ ಅವರ ಹೆಂಡತಿ ಕಾಕುಗೆ, "ಅದೊಂದು ಸುಖಾನೂ ಕಸ್ಕೋತಿಯೇನವ್ವಾ?" ಎಂಬ ಚುಚ್ಚುಮಾತು. ಗುಳಿಗೆ ಬರೆಯುವ ಡಾಕ್ಟರಾದರೂ ನಿದ್ದೆ ಕೇಳಿದರು, ದನಿ ಕೇಳಿದರು, ಬಿ.ಪಿ., ಸಕ್ಕರೆ ಒಮ್ಮೆಯೂ ನೋಡಲಿಲ್ಲ. ತಲೆ ಒಬ್ಬನದು, ಎದೆ ಇನ್ನೊಬ್ಬನದೇ?

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಾಕಾ ಎದೆ ಹಿಡಿದುಕೊಂಡು ಕುಳಿತುಬಿಟ್ಟರು. ನಾನೂ ಕಾಕುವೂ ಅವರನ್ನು ಒಂದು ದವಾಖಾನೆಗೆ ಕರೆದೊಯ್ದೆವು. ಅವರು ನುಂಗುವ ಗುಳಿಗೆಗಳನ್ನು ನೋಡಿದ್ದೇ ತಡ, ಅಲ್ಲಿನ ಡಾಕ್ಟರು ಕಾಕಾನ ಕಡೆ ನೋಡುವುದನ್ನೇ ಬಿಟ್ಟರು.

"ಗುಳಿಗಿ ಸರಿಯಾಗಿ ಕೊಡಾಕತ್ತೀರೇನವ್ವಾ? ಇದು ಅವರ ತಲ್ಯಾಗಿನ ಬ್ಯಾನಿ."

"ಸಾಹೇಬ್ರ, ನನ್ನ ದನಿ ಕಿವ್ಯಾಗ ಇರ್ತಾವ್ರಿ," ಎಂದರು ಕಾಕಾ, ಮೆಲ್ಲಗೆ. "ಇದು ಎದಿಯಾಗ ಅದ."

ಡಾಕ್ಟರು ನಕ್ಕರು. ಇ.ಸಿ.ಜಿ. ತೆಗೆಯಿರಿ ಎಂದು ನಾನು ಪಟ್ಟು ಹಿಡಿದೆ. "ಇಂಥವ್ರಿಗೆಲ್ಲಾ ಮಷೀನ್ ಹಚ್ಕೋತ ಕುಂತ್ರ ಸಂಜಿ ಆಗ್ತದ," ಎಂದರು. ಕೇಳಿದಷ್ಟು ಕೊಡ್ತೀನಿ ಎಂದು ದನಿ ಏರಿಸಿದೆ. ಹೊರಗಿನ ಬೆಂಚಿನವರೆಲ್ಲ ಇಣುಕಿದರು. ಕಾಕಾ ನಾಚಿ ಎದ್ದುಬಿಟ್ಟರು, ನನ್ನ ಕಡೆ ತಿರುಗಿದರು.

"ನಡಿಯವ್ವಾ. ಮಂದಿ ನೋಡಾಕತ್ತಾರ."

ಡಾಕ್ಟರು ಕೊಟ್ಟ ನಿದ್ದೆ ಗುಳಿಗೆ ಹಿಡಿದುಕೊಂಡು ಹಿಂದಿರುಗಿದೆವು. ಮರುದಿನ ಬೆಳಿಗ್ಗೆ, ಮಂಠಾಳದಿಂದ ಬಂದಿದ್ದ ಹೆಣ್ಣುಮಗಳೊಬ್ಬಳಿಗೆ ಬಳೆ ತೊಡಿಸುತ್ತಿದ್ದವರು ಹಾಗೇ ಮುಂದಕ್ಕೆ ಬಾಗಿದರು… ಏಳಲಿಲ್ಲ.

ಮಣ್ಣಿಗೆ ಬಂದವರು "ಪಾಪ, ಬಿಡುಗಡಿ ಆಯ್ತು," ಎಂದರು. ಯಾತರಿಂದ ಬಿಡುಗಡೆ? ದುಡಿಯುವ ಗಂಡಸು, ಮನೆಗೆ ಬೇಕಾಗಿದ್ದವರು. ಇಂದಿಗೂ ನನಗೆ ಆ ಮಾತು ಉರಿಯುತ್ತದೆ. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಬಳೆಗಳ ಸದ್ದು ಇಲ್ಲದ ಗೋಡೆಗೆ ಬೆನ್ನು ಕೊಟ್ಟು ನಾನು ಕೂರುತ್ತೇನೆ.

ನಿಮ್ಮ ಮನೆಯಲ್ಲಿ ಇಂಥ ಗುಳಿಗೆ ನುಂಗುವವರಿದ್ದರೆ ನನ್ನ ಮಾತು ಕೇಳಿ. ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಆದರೆ ಚೀಟಿ ಬರೆಸಲು ಹೋದಾಗಲೆಲ್ಲ ತೂಕ, ಬಿ.ಪಿ. ನೋಡಿಸಿ, ಸಕ್ಕರೆ, ಕೊಬ್ಬಿನ ರಕ್ತಪರೀಕ್ಷೆ ಯಾವಾಗ ಎಂದು ಕೇಳಿ. ಪ್ರೀತಿ ಇದ್ದರೆ ಬೀಡಿ ಕೊಡಬೇಡಿ, ಜೊತೆಗೆ ಊರ ಕೋಟೆಯವರೆಗೆ ನಡೆದು ಬನ್ನಿ. ಅವರು ಎದೆನೋವು ಎಂದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಇ.ಸಿ.ಜಿ. ತೆಗೆಯುವವರೆಗೆ ಕುರ್ಚಿ ಬಿಟ್ಟು ಏಳಬೇಡಿ, ಅವರನ್ನೂ ಏಳಗೊಡಬೇಡಿ. ಜನ ನೋಡುತ್ತಾರೆ. ನೋಡಲಿ.