ಕುರಿಯ ಕಿವಿ ಯಾರಿಗೆ?

ನಮ್ಮ ಜಿಪಾರ್ ಹದಿನೇಳು ವರ್ಷಕ್ಕೆ ಎಷ್ಟು ಕುರಿಕಿವಿ ತಿಂದಿದ್ದಾಳೋ ದೇವರೇ ಬಲ್ಲ. ನಮ್ಮ ಕಾರಾಬುಲುಂಗ್ ಊರಲ್ಲಿ ಬೇಯಿಸಿದ ಕುರಿತಲೆ ಬರೋದು ಹಿರಿಯರ ಮುಂದೆ. ಅವರು ಕಿವಿ ಕೊಯ್ದು ಚಿಕ್ಕವರಿಗೆ ಕೊಡ್ತಾರೆ, ದೊಡ್ಡವರ ಮಾತು ಕೇಳೋದು ಕಲೀಲಿ ಅಂತ. ಜಿಪಾರ್ ಕೂಸಾಗಿದ್ದಾಗಲೇ ಅಪ್ಪ ಅಮ್ಮ ದುಡಿಯೋಕೆ ರಷ್ಯಾಕ್ಕೆ ಹೋದರು. ಬೆಳೆದದ್ದು ಮೇಲಿನ ಬೀದಿಯ ಅಜ್ಜಿ ಬುರುಲ್ ಹತ್ತಿರ. ಕೆಲಸಕ್ಕಾದರೆ ಆ ಹುಡುಗಿ ಎಲ್ಲರಿಗೂ ಬೇಕು, ಅವಳ ಮಾತು ಮಾತ್ರ ಯಾರಿಗೂ ಬೇಡ.

ಆ ಬೀದಿಗೆ ಆಗ ನೀರಿರಲಿಲ್ಲ. ಬೆಳಗಾದರೆ ಹೆಗಲ ಮೇಲೆ ಅಡ್ಡೆ, ಎರಡು ಬಕೆಟ್, ಹಳ್ಳಕ್ಕೆ ಇಳಿಯೋದು, ಹತ್ತೋದು. ನಾಲ್ಕು ಸಲ! ಶಾಲೆ ಮುಟ್ಟೋ ಹೊತ್ತಿಗೆ ಮೊದಲನೇ ಪಾಠ ಮುಗಿದಿರ್ತಿತ್ತು. ಅದು ಗಣಿತದ ಪಾಠ. ಅವಳಿಗೋ ಗಣಿತ ಅಂದರೆ ಪ್ರಾಣ, ಬೇಸಿಗೆಗೆ ಕೊನೇ ಪರೀಕ್ಷೆ ಬೇರೆ.

ಆ ವರ್ಷ ಊರಿಗೆ ಹೊಸ ನಲ್ಲಿ ಮಂಜೂರಾಯ್ತು. ಒಂದೇ ಒಂದು. ಎಲ್ಲಿ ಹಾಕೋದು ಅಂತ ಸಭೆ ಸೇರಬೇಕು, ಸಭೆಗೆ ಚಿಕ್ಕ ವಯಸ್ಸಿನವರನ್ನೂ ಕರೀಬೇಕು ಅಂತ ಸರ್ಕಾರದ ಕಾಗದ ಬಂತು. ನಮ್ಮವರು ಮಾಡಿದ್ದೇನು ಗೊತ್ತಾ? ಜಿಪಾರ್ ಹೆಸರು ಪಟ್ಟಿಗೆ ಸೇರಿಸಿ, ಬಾಗಿಲ ಹತ್ತಿರ ಕೂರಿಸಿ, ಚಹಾ ಹಾಕೋ ಕೆಲಸ ಕೊಟ್ಟರು. ನಮ್ಮವರು ಅಂದರೆ ನನ್ನ ಯಜಮಾನರು, ಶಾಮೆನ್. ಸಭೆಗೆಲ್ಲ ಅವರೇ ಹಿರಿಯರು.

ಸಭೆ ಸರದಿ ಮೇಲೆ ಒಂದೊಂದು ಮನೇಲಿ. ಆ ಸಲ ಬುರುಲ್ ಮನೇಲಿ. ಒಲೆ ಮೇಲೆ ಕುರಿ ಬೇಯ್ತಿತ್ತು, ಅಡುಗೆಗೆ ಅಂತ ನಾನೂ ಹೋಗಿದ್ದೆ. ನಲ್ಲಿ ಊರ ಕೆಳತುದಿಯ ಮಸೀದಿ ಪಕ್ಕಕ್ಕೆ ಅಂತ ಹತ್ತೇ ನಿಮಿಷದಲ್ಲಿ ಮುದುಕರೆಲ್ಲ ಗಡ್ಡ ಅಲ್ಲಾಡಿಸಿದರು. ಜಿಪಾರ್ ಕೈ ಎತ್ತಿದಳು.

"ಮೊದಲು ಚಹಾ ಹಾಕು ಮಗಳೇ, ಆಮೇಲೆ ಮಾತು," ಅಂದರು ನಮ್ಮವರು.

"ಸಮೋವರ್ ಖಾಲಿ, ತಾತ. ನೀರು ತರಬೇಕು."

"ತಾ ಮತ್ತೆ. ಅದೇನು ಮಹಾ?"

ನನಗೆ ಮೈಯೆಲ್ಲಾ ಉರಿದುಹೋಯ್ತು. "ರೀ, ಅದೇನು ಮಹಾ ಅಂತ ನೀವೂ ಒಂದು ಸಲ ಹೋಗಿ ನೋಡ್ಕೊಂಡು ಬನ್ನಿ. ಕೂತು ಕೂತು ಮೊಣಕಾಲು ಹಿಡ್ಕೊಂಡಿದೆ ನಿಮಗೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಹಟಕ್ಕೆ ಬಿದ್ದ ಗಂಡಸು ಬಿಡ್ತಾರಾ? ಟೋಪಿ ಸರಿಮಾಡ್ಕೊಂಡು ಎದ್ದೇಬಿಟ್ಟರು. ನಾನೂ ಹಿಂದೆ ಹೊರಟೆ. ಅಂಥ ತಮಾಷೆ ಬಿಡೋಕಾಗುತ್ತಾ!

ಇಳಿಯೋವಾಗ ಠೀವಿಯಿಂದಲೇ ಇಳಿದರು. ಹತ್ತೋವಾಗ ಒಂದು ಬಕೆಟ್ ಕೊಡು ಅಂದರು. ಅವಳು ಬೇಡ ತಾತ ಅಂದರೂ ಕಿತ್ಕೊಂಡರು. ಅರ್ಧ ದಾರೀಲಿ ಅರ್ಧ ನೀರು ಅವರ ಬೂಟಿನೊಳಗೆ. ಮೂರು ಸಲ ಕೂತರು.

"ದಿನಾ ಎಷ್ಟು ಸಲ?" ಅಂದರು, ಏದುಸಿರು ಬಿಡ್ತಾ.

"ನಾಲ್ಕು."

"ಚಳಿಗಾಲದಲ್ಲಿ?"

"ಮಂಜುಗಡ್ಡೆ ಮೇಲೂ ನಾಲ್ಕೇ, ತಾತ."

ಅವರು ಬೂಟು ಕಳಚಿ ನೀರು ಚೆಲ್ಲಿ ಮತ್ತೆ ಎದ್ದರು. ಮನೆಗೆ ಬಂದರೆ ಒಬ್ಬ ಮುದುಕ, "ಮಸೀದಿ ಪಕ್ಕ ಅಂತ ಬರೆದುಬಿಡೋಣ್ವಾ?" ಅಂದ. "ಇರಯ್ಯ," ಅಂದರು ನಮ್ಮವರು.

ಅಷ್ಟರಲ್ಲಿ ಕುರಿತಲೆ ಬಂತು. ನಮ್ಮವರು ಕಿವಿ ಕೊಯ್ದರು. ಜಿಪಾರ್ ಎಂದಿನ ಹಾಗೆ ಎರಡೂ ಕೈ ಚಾಚಿದಳು. ಅವರು ಕಿವಿ ನೋಡಿದರು, ಅವಳನ್ನ ನೋಡಿದರು, ತಮ್ಮ ಬಾಯಿಗೇ ಹಾಕ್ಕೊಂಡರು!

"ಇವತ್ತು ಇದು ನನಗೇ ಬೇಕು," ಅಂದರು. "ಮಾತಾಡು ಮಗಳೇ."

ಜಿಪಾರ್ ಚಾಚಿದ ಕೈ ಹಿಂದಕ್ಕೆ ತಗೊಂಡು ಶುರುಮಾಡಿದಳು. ಮೇಲಿನ ಬೀದೀಲಿ ಹನ್ನೊಂದು ಮನೆ, ಯಾವ ಹುಡುಗಿ ಎಷ್ಟು ಬಕೆಟ್ ಹೊರ್ತಾಳೆ, ಮಸೀದಿ ಪಕ್ಕ ಆಗಲೇ ಎರಡು ಕೈಪಂಪು, ಬೆಟ್ಟದ ಕೊಳವೆ ಹೇಗೂ ಮೇಲಿನ ಬೀದಿ ದಾಟಿಯೇ ಇಳೀಬೇಕು. ಎಲ್ಲಾ ನಾಲಿಗೆ ತುದೀಲಿ! ಒಬ್ಬ ಗಡ್ಡದವನು ಅಡ್ಡ ಮಾತಾಡೋಕೆ ಹೋದ. ನಮ್ಮವರು ಕೈ ಎತ್ತಿ ತಡೆದರು. ಬಾಯಲ್ಲಿ ತಡೆಯೋಕೆ ಎಲ್ಲಾಗುತ್ತೆ? ಇರೋದು ನಾಲ್ಕು ಹಲ್ಲು, ಕಿವಿಯೋ ರಬ್ಬರಿನ ಹಾಗೆ. ಅವರು ಅಗಿದು ನುಂಗೋ ಹೊತ್ತಿಗೆ ಅವಳು ಹೇಳೋದೆಲ್ಲ ಹೇಳಿ ಮುಗಿಸಿದ್ದಳು. ನಲವತ್ತಾರು ವರ್ಷದ ಸಂಸಾರದಲ್ಲಿ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದು ನಾನು ಕಂಡಿಲ್ಲ. ನನಗೆ ಖುಷಿಗೆ ಕಣ್ಣಲ್ಲಿ ನೀರು ಬಂತು.

ನಲ್ಲಿ ಮೇಲಿನ ಬೀದಿಗೇ ಬಂತು. ಮೊದಲ ದಿನ ಜಿಪಾರ್ ಮೇಷ್ಟರಿಗಿಂತ ಮುಂಚೆ ಹೋಗಿ ಶಾಲೆ ಬಾಗಿಲಲ್ಲಿ ನಿಂತಿದ್ದಳು.

ಈಗ ಸಭೇಲಿ ತಲೆ ಬಂದರೆ ನಮ್ಮ ಮುದುಕಪ್ಪ ಒಂದು ಕಿವಿ ಮಕ್ಕಳಿಗೆ ಕೊಟ್ಟು, ಇನ್ನೊಂದನ್ನ ತಾವೇ ಅಗೀತಾ ಕೂರ್ತಾರೆ. ಅದನ್ನ ನೋಡಿದ ಕೂಡಲೇ ಜಿಪಾರ್ ಮಾತು ಶುರುಮಾಡ್ತಾಳೆ.