ಊಟದ ಮೇಜಿನ ಮೇಲಿನ ಸ್ತೂಪ

ನಮ್ಮ ಊಟದ ಮೇಜಿನ ಮೇಲೆ ಹದಿನೈದು ದಿನ ಒಂದು ಸ್ತೂಪ ಇತ್ತು. ಕಾಗದದ್ದು. ಬಿಚ್ಚಿಟ್ಟಷ್ಟೂ ಮತ್ತೆ ಸುತ್ತಿಕೊಳ್ಳುವ ಆ ನಕ್ಷೆಯ ನಾಲ್ಕು ಮೂಲೆಗಳಿಗೆ ಮುರುಗಲ ಸಿಪ್ಪೆಯ ಭರಣಿ, ಉಪ್ಪಿನ ಡಬ್ಬಿ, ಅಡಕೊತ್ತು, ಇನ್ನೇನೂ ಸಿಗದ ಮೂಲೆಗೆ ಒಂದು ತೆಂಗಿನಕಾಯಿ ಇಟ್ಟಿದ್ದೆ. ಕಾಯಿ ಮಾತ್ರ ದಿನಾ ಬದಲಾಗುತ್ತಿತ್ತು. ನಿನ್ನೆ ಭಾರಕ್ಕೆ ಕುಳಿತದ್ದು ಇವತ್ತು ಸಾರಿಗೆ ಇಳಿಯುತ್ತಿತ್ತು. ನಾವು ಅಷ್ಟು ದಿನವೂ ನೆಲಕ್ಕೆ ಚಾಪೆ ಹಾಸಿ ಉಂಡೆವು. ನೆಲಕ್ಕೆ ಕೂತು ಉಂಡರೆ ನಮ್ಮ ಮನೆಯವರಿಗೆ ಮೊಣಕಾಲು ಹಿಡಿಯುತ್ತದೆ, ಆದರೂ ಗೊಣಗಲಿಲ್ಲ. ದಿನಕ್ಕೊಂದು ಸಣ್ಣ ಉಪಕಾರವನ್ನಾದರೂ ಗುರುತಿಟ್ಟುಕೊಂಡು ರಾತ್ರಿ ದೇವರಿಗೆ ಹೇಳುವ ಅಭ್ಯಾಸ ನನಗುಂಟು. ಆ ದಿನಗಳ ಲೆಕ್ಕದಲ್ಲಿ ಗಂಡ ಗೊಣಗದಿರುವುದೂ ಸೇರಿತು.

ಬೊಬ್ರುವಾಡದಲ್ಲಿ ಹುಟ್ಟಿ, ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿ, ವಾರಕ್ಕೆರಡು ಉಪವಾಸ ಮಾಡುವ ನನ್ನಂಥವಳ ಮನೆಯಲ್ಲಿ ಬುದ್ಧನ ಸ್ತೂಪಕ್ಕೇನು ಕೆಲಸ ಎಂದು ನೀವು ಕೇಳಬಹುದು. ಕಾರಣ ಬಹಳ ಸರಳ. ಎದುರು ಮನೆಯ ವಿಮಲಬಾಯಿಯವರ ಗೋಡೆಗಳಿಗೆ ಆಗ ಬಣ್ಣ ಬಳಿಯುತ್ತಿದ್ದರು. ಅವರ ಮನೆಯಲ್ಲಿ ಕಾಗದ ಹರಡಲು ಜಾಗವಿರಲಿಲ್ಲ, ನಮ್ಮಲ್ಲಿ ಮೇಜಿತ್ತು.

ವಿಮಲಬಾಯಿ ನಾಗಪುರದ ಕಡೆಯವರು. ಅವರ ಯಜಮಾನರು ಇಲ್ಲಿಯ ವಿದ್ಯುತ್ ಸ್ಥಾವರದಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ವಿಮಲಬಾಯಿಯ ಮಾವ ಹರೆಯದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡವರು. ಹಾಗೆ ದೀಕ್ಷೆ ಪಡೆದ ಮನೆಗಳು ಮಲ್ಲಾಪುರದಲ್ಲಿ ಹನ್ನೆರಡೋ ಹದಿಮೂರೋ ಇದ್ದವು, ಕಾರವಾರ ಪೇಟೆಯಲ್ಲಿ ಇನ್ನೊಂದು ನಾಲ್ಕು. ಎಲ್ಲರೂ ಸೇರಿ ಒಂದು ಚಿಕ್ಕ ಸ್ತೂಪ, ಅದರ ಪಕ್ಕಕ್ಕೆ ನೂರು ಜನ ಕೂರುವಂಥ ಒಂದು ಸಮುದಾಯ ಭವನ ಕಟ್ಟಬೇಕೆಂದು ಹೊರಟಿದ್ದರು. ಕ್ವಾರ್ಟರ್ಸಿನ ನೆಲ ಯಾರಿಗೂ ಸ್ವಂತವಲ್ಲವಾದ್ದರಿಂದ ಅವರ ಕಣ್ಣು ಗುಡ್ಡದ ಕಡೆ ಹೋಯಿತು.

ಭವನ ಯಾಕೆ ಬೇಕಾಯಿತು ಎಂಬುದನ್ನೂ ಹೇಳಬೇಕು, ಅದರಲ್ಲಿ ನನ್ನ ಪಾಲೂ ಇದೆ. ಹಿಂದಿನ ವರ್ಷ ವಿಮಲಬಾಯಿಯವರ ಮಾವ ಇಲ್ಲಿಯೇ ತೀರಿಕೊಂಡರು. ಅವರ ನೆನಪಿನ ಪ್ರಾರ್ಥನೆಗೆ ಹತ್ತಿರದ ಒಂದು ಸಭಾಗೃಹ ಕೇಳಿದರೆ, ಆ ಸಂಜೆ ಬೇರೆ ಕಾರ್ಯಕ್ರಮವಿದೆ ಎಂಬ ಉತ್ತರ ಬಂತು. ಆ ಸಂಜೆ ನಾನು ಹಾಲು ತರಲು ಅದೇ ದಾರಿಯಲ್ಲಿ ಹೋದೆ. ಬಾಗಿಲಿಗೆ ಬೀಗ ಇತ್ತು, ಒಳಗೆ ದೀಪವಿರಲಿಲ್ಲ. ತಿರುಗಿ ಬಂದು ನೋಡಿದರೆ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೆಳಗಿನಿಂದ ಮೂರನೆಯ ಮಹಡಿಯವರೆಗೆ ಪ್ರಾರ್ಥನೆಗೆ ಬಂದ ಜನ ಕೂತಿದ್ದರು, ಮೆಟ್ಟಿಲಿಗೆ ಇಬ್ಬರಂತೆ, ಮುದುಕರೂ ಬಸುರಿಯರೂ. ಹಾಲಿನ ಪಾತ್ರೆ ಹಿಡಿದು ಅವರ ನಡುವೆ ಮೇಲೆ ಹತ್ತುವಾಗ ಎಲ್ಲರೂ ಮೊಣಕಾಲು ಮಡಚಿ ನನಗೆ ದಾರಿ ಬಿಟ್ಟರು. ಬೀಗ ನೋಡಿದ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ವಿಮಲಬಾಯಿ ಎದುರು ಮನೆಗೆ ಬಂದ ಮೊದಲ ಎರಡು ವರ್ಷ ನಾನು ಅವರ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ. ಅವರು ಕರೆದಾಗಲೆಲ್ಲ ನನಗೆ ಉಪವಾಸ. ಸೋಮವಾರ ಕರೆದರೆ ಸೋಮವಾರ, ಗುರುವಾರ ಕರೆದರೆ ಗುರುವಾರ, ಏನೂ ಇಲ್ಲದ ದಿನ ಕರೆದರೆ ಹರಕೆಯ ಉಪವಾಸ. ದೇವರನ್ನು ಇಷ್ಟು ಅನುಕೂಲಕ್ಕೆ ಬಳಸಿಕೊಂಡವಳು ನಾನೊಬ್ಬಳೇ ಅಲ್ಲದಿರಬಹುದು, ಆದರೆ ನನ್ನದು ನನಗೆ ಗೊತ್ತು. ಮೂರನೆಯ ವರ್ಷ ನನಗೆ ಕಾಮಾಲೆ ಬಂದು ಮಲಗಿದಾಗ, ನಮ್ಮವರು ರಜೆ ಸಿಗದೆ ಒದ್ದಾಡುತ್ತಿದ್ದಾಗ, ಮೂರು ವಾರ ಗಂಜಿ ಬಂದದ್ದು ಎದುರು ಮನೆಯಿಂದ. ಗಂಜಿಗೆ ಉಪವಾಸ ಹೇಳುವ ಶಕ್ತಿ ನನ್ನಲ್ಲಿ ಇರಲಿಲ್ಲ. ಅವರಿಗೆ ಎಲ್ಲ ತಿಳಿದಿತ್ತೇ ಎಂದು ಇವತ್ತಿಗೂ ಕೇಳಿಲ್ಲ. ಒಮ್ಮೆ ಮಾತ್ರ ನಗುತ್ತಾ, “ವೈನಿ, ನಿಮ್ಮ ವಾರದಲ್ಲಿ ಎಂಟು ಉಪವಾಸ ಇರ್ತಿತ್ತು ಅಲ್ವಾ?” ಎಂದಿದ್ದರು.

ಜಾಗ ಹುಡುಕುವ ಮಾತು ಬಂದಾಗ ನನಗೆ ದೇವಕ್ಕ ನೆನಪಾದಳು. ಗುಡ್ಡದ ಮೇಲಿನ ಕೆಲವೇ ಮನೆಗಳ ಕೊಪ್ಪದಿಂದ ವಾರವಾರ ಬುಟ್ಟಿಯಲ್ಲಿ ಬಸಳೆ, ಹರಿವೆ, ಅಬ್ಬಲಿಗೆ ದಂಡೆ ತಂದು ಮಾರುವವಳು; ಗಂಡ ಸತ್ತ ಮೇಲೆ ಇಪ್ಪತ್ತು ವರ್ಷದಿಂದ ಒಬ್ಬಳೇ ಭೂಮಿ ನೋಡಿಕೊಂಡವಳು. ಅವಳ ಮನೆಯಿಂದ ಮೇಲಕ್ಕೆ ಒಂದು ತಟ್ಟು ಇದೆ, ಸಮತಟ್ಟಾದ ಬಯಲು. ಅಲ್ಲಿ ನಿಂತರೆ ಕಾಳಿ ನದಿಯ ತಿರುವು, ಎದುರಿನ ಗುಡ್ಡಸಾಲು, ಮಳೆಗಾಲ ಕಳೆದ ದಿನಗಳಲ್ಲಿ ದೂರದ ಮಂಜು, ಎಲ್ಲ ಕಾಣುತ್ತದೆ. ವಿಮಲಬಾಯಿಯವರ ಯಜಮಾನರು ಅದನ್ನು ಒಮ್ಮೆ ನೋಡಿದ್ದೇ ಬಂದು ನಕ್ಷೆ ಬರೆದರು. ನಮ್ಮ ಮೇಜಿನ ಮೇಲಿದ್ದದ್ದು ಆ ತಟ್ಟಿನ ನಕ್ಷೆ.

ದೇವಕ್ಕ ಒಲ್ಲೆ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. “ತಂಗೀ, ಮೇಲಿನ ತಟ್ಟು ದೇವಿ ಸೀಮೆಲಿ ಇದ್ದದ್ದು. ಅದನ್ನ ಕೊಡೂದು ನನ್ನ ಕೈಲಿಲ್ಲ. ಅವಳ ಹತ್ರ ಪ್ರಸಾದ ಕೇಳ್ಬೇಕು. ಯಾರಿಗೆ ಬೇಕೋ ಅವ್ರೇ ಬಂದು ಕೇಳ್ಬೇಕು,” ಎಂದಳು.

ಪ್ರಸಾದ ಕೇಳುವುದು ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ದೇವಿಯ ಮೈಗೆ ಎಡಕ್ಕೂ ಬಲಕ್ಕೂ ಒದ್ದೆ ಮಾಡಿದ ಹೂವಿನ ಎಸಳು ಅಂಟಿಸಿ, ಪೂಜೆಯ ಗುನಗ ನಮ್ಮ ಪರವಾಗಿ ಕೇಳುತ್ತಾನೆ. ಬಲದ ಎಸಳು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡದ್ದು ಬಿದ್ದರೆ ಬೇಡ. ಮದುವೆಗೆ, ಬಾವಿಗೆ, ಮನೆಗೆ, ಕಳೆದುಹೋದ ಎಮ್ಮೆಗೂ ನಾವು ಹೀಗೆ ಕೇಳಿದವರು. ನನ್ನ ಮದುವೆಗೂ ಬಲದ ಎಸಳೇ ಬಿದ್ದಿತ್ತಂತೆ.

ಆದರೆ ವಿಮಲಬಾಯಿ ಬಂದು ಕೇಳುವುದು ಹೇಗೆ? ದೇವದೇವತೆಯರ ಮುಂದೆ ಕೈಮುಗಿಯುವುದಿಲ್ಲ ಎಂಬುದು ಅವರ ದೀಕ್ಷೆಯಲ್ಲಿ ತೊಟ್ಟ ಪ್ರತಿಜ್ಞೆ. “ನಿಮ್ಮ ದೇವಿ ಮೇಲೆ ನನಗೆ ಸಿಟ್ಟಿಲ್ಲ ವೈನಿ,” ಎಂದರು. “ಮಾವ ಮಾತು ಕೊಟ್ಟಿದ್ರು, ನಾನೂ ಕೊಟ್ಟಿದ್ದೇನೆ. ಒಂದು ಕಟ್ಟಡಕ್ಕಾಗಿ ಮಾತು ಮುರಿದರೆ, ಆಮೇಲೆ ಆ ಕಟ್ಟಡದಲ್ಲಿ ಕೂತು ಮಕ್ಕಳಿಗೆ ಏನು ಹೇಳಲಿ?”

ನಕ್ಷೆ ಮೇಜಿನ ಮೇಲೆ ಸುಮ್ಮನೆ ಕೂತಿತು. ಬೇರೆ ಕಡೆ ನೋಡಿದ ಜಾಗಗಳೆಲ್ಲ ಒಂದೊಂದಾಗಿ ಕೈತಪ್ಪಿದ್ದವು. ಯಾರಿಗೆ, ಯಾತಕ್ಕೆ ಎಂದು ಗೊತ್ತಾದ ಮೇಲೆ ಮಾಲೀಕರ ಮಾತು ಬದಲಾಗುತ್ತಿತ್ತು. ಇದೂ ತಪ್ಪಿದರೆ ಮುಂದಿನ ಸಾವಿಗೂ ಮದುವೆಗೂ ಅವರಿಗೆ ಮೆಟ್ಟಿಲೇ ಗತಿ. ಆಗ ನಾನು ಒಂದು ಉಪಾಯ ಮಾಡಿದೆ. ನಾನೇ ಕೇಳುತ್ತೇನೆ, ನನ್ನ ಹೆಸರಿನಲ್ಲಿ. ದೇವಿಗೆ ನನ್ನ ಪರಿಚಯವಿದೆ, ವಿಮಲಬಾಯಿಯ ಮಾತೂ ಉಳಿಯುತ್ತದೆ. ಇಂಥ ಉಪಾಯ ಹೊಳೆದದ್ದೇ ಆ ದಿನದ ಕೃಪೆ ಎಂದು ರಾತ್ರಿ ದೇವರಿಗೆ ಹೇಳಿಯೂಬಿಟ್ಟೆ.

ಮಂಗಳವಾರ ಬೆಳಿಗ್ಗೆಯ ಬಸ್ಸಿಗೆ ವಿಮಲಬಾಯಿಯೂ ನಾನೂ ಕೊಪ್ಪಕ್ಕೆ ಹೋದೆವು. ದೇವಕ್ಕನೂ ನಾನೂ ದೇವಿ ಗುಡಿಯ ಹೊಸ್ತಿಲ ಈಚೆ ನಿಂತೆವು. ಒಳಗೆ ಹೋಗುವವನು ಗುನಗನೊಬ್ಬನೇ. ವಿಮಲಬಾಯಿ ಅಂಗಳದಾಚೆ ಮಾವಿನ ಮರದ ಬುಡಕ್ಕೆ, ಸುರುಳಿ ಸುತ್ತಿದ ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

“ಯಾರ ಕೆಲಸ?” ಎಂದ ಗುನಗ.

“ನಮ್ಮದೇ,” ಎಂದೆ. “ಮೇಲಿನ ತಟ್ಟು ನಮಗೆ ಆಗಬಹುದೋ ಅಂತ ಕೇಳಿ.”

ಕೇಳಿದ. ಎಸಳು ಬೀಳಲಿಲ್ಲ. ಮತ್ತೆ ಕೇಳಿದ, ಗಂಟೆ ಬಾರಿಸಿದ. ಎಡದ್ದೂ ಇಲ್ಲ, ಬಲದ್ದೂ ಇಲ್ಲ. ಒಂದು ತಾಸು ಹೀಗೆಯೇ ಕಳೆಯಿತು. ಗುನಗ ಹೊರಬಂದು ಬೆವರು ಒರೆಸಿಕೊಂಡು, “ಅಮ್ಮಾ, ದೇವಿಗೆ ಇವತ್ತು ಗಡಿಬಿಡಿ ಇಲ್ಲ. ನನಗೆ ಇದೆ, ಮನೇಲಿ ಬಂಗಡೆ ಸಾರು ತಣೀತದೆ,” ಎಂದ. ಆಮೇಲೆ ನನ್ನ ಮುಖ ನೋಡಿ, “ಹೇಳೂದು ಎಂತಾರೂ ಬಿಟ್ಟದ್ದುಂಟೋ?” ಎಂದು ಕೇಳಿದ.

ಬಿಟ್ಟದ್ದಿತ್ತು. ವಾರಕ್ಕೆರಡು ಉಪವಾಸ ಮಾಡುವವಳು ದೇವಿಯ ಹೊಸ್ತಿಲಲ್ಲಿ ನಿಂತು ಸುಳ್ಳು ಹೇಳಿದ್ದೆ, ಅದೂ ಒಬ್ಬರ ಹೆಸರನ್ನು ಮುಚ್ಚಿಡುವ ಸುಳ್ಳು. ಆ ಹೆಸರು ಹೇಳಿದರೆ ಕೆಲಸ ಕೆಡುತ್ತದೆ ಎಂದು ನಾನು ಅಂದುಕೊಂಡಿದ್ದೆನಲ್ಲ, ಜಾಗದ ಮಾಲೀಕರು ಅಂದುಕೊಂಡದ್ದೂ ಅದನ್ನೇ ಅಲ್ಲವೇ? ದೇವಿಗೆ ಎಲ್ಲ ಹೇಳಿದೆ. ಕೆಲಸ ನನ್ನದಲ್ಲ, ಮರದ ಬುಡಕ್ಕೆ ಕೂತವರದ್ದು. ಅವರು ನಿನಗೆ ಕೈಮುಗಿಯುವವರಲ್ಲ, ಬುದ್ಧನನ್ನು ನಂಬಿದವರು. ಅವರ ಮಾವ ಸತ್ತಾಗ ಬೀಗ ಹಾಕಿದ ಬಾಗಿಲನ್ನು ನಾನು ಕಣ್ಣಾರೆ ನೋಡಿದೆ, ನೋಡಿಯೂ ಸುಮ್ಮನಿದ್ದೆ. ಅವರ ಜನ ಮೆಟ್ಟಿಲ ಮೇಲೆ ಕೂತು ಅತ್ತರು. ಎರಡು ವರ್ಷ ನಾನೂ ಅವರ ಮನೆಯ ನೀರು ಮುಟ್ಟಲಿಲ್ಲ.

ಗುನಗ ಒಳಗೆ ಹೋಗಿ ಕೇಳಿದ. ಕೂಡಲೇ ಎಸಳು ಬಿತ್ತು. ಎಡದ್ದು.

ಸುಳ್ಳು ಹೇಳಿದಾಗ ಒಂದು ತಾಸು ಸುಮ್ಮನಿದ್ದವಳು ನಿಜ ಹೇಳಿದ್ದೇ ಬೇಡ ಎಂದಳು. ಆ ಗಳಿಗೆಯಲ್ಲಿ ನನಗೆ ದೇವಿಯ ಮೇಲೆ ಸಿಟ್ಟು ಬಂತೆಂಬುದನ್ನೂ ಹೇಳಿಬಿಡುತ್ತೇನೆ. ಒದ್ದೆ ಎಸಳು ಒಣಗಿದ ಮೇಲೆ ಯಾವುದಾದರೊಂದು ಕಡೆ ಬೀಳಲೇಬೇಕಲ್ಲ ಎಂದು ನಮ್ಮವರು ಮನೆಯಲ್ಲಿ ಆಮೇಲೆ ವಿವರಿಸಿದರು, ವಿಜ್ಞಾನ ಗೊತ್ತಿದ್ದವರು. ಆದರೆ ಅಲ್ಲಿ ನಿಂತಾಗ ನನಗೆ ಕಂಡದ್ದು ಮರದ ಬುಡದಲ್ಲಿ ಕೂತಿದ್ದ ವಿಮಲಬಾಯಿಯ ಮುಖ ಮಾತ್ರ. ಅವರು ನನ್ನನ್ನು ನೋಡಿದರು, ತಿಳಿದುಕೊಂಡರು, ಎದ್ದು ಸೀರೆಗೆ ಹತ್ತಿದ ಮಣ್ಣು ಕೊಡವಿದರು.

“ಬಸ್ಸಿಗೆ ಹೊತ್ತಾಯ್ತು ವೈನಿ,” ಎಂದರಷ್ಟೇ.

ದೇವಕ್ಕ ಹೊಸ್ತಿಲ ಬಳಿಯೇ ನಿಂತಿದ್ದಳು. “ಎಲ್ಲಿಗೆ ಓಡೂದು?” ಎಂದಳು. “ಅವಳು ಬೇಡ ಅಂದದ್ದು ಮೇಲಿನ ತಟ್ಟಿಗೆ. ನೀವು ಕೇಳ್ದದ್ದು ಅದನ್ನೇ ಅಲ್ವನೇ? ಮನೆ ಕೆಳಗಿನ ಗೇರು ಹಕ್ಕಲು ದೇವಿ ಸೀಮೆಯೊಳಗೆ ಇಲ್ಲ. ಅದು ನಾನೂ ನನ್ನ ಗಂಡನೂ ಮಟ್ಟಿ ಕಡಿದು ಮಾಡ್ದದ್ದು. ಅದ್ರದ್ದು ನಾನೇ ಹೇಳ್ತೆ. ಅಲ್ಲಿ ಕಟ್ಟಿ.”

ನಾನು ಅವಳ ಕಡೆ ತಿರುಗಿದೆ. “ಮತ್ತೆ ಇಷ್ಟು ದಿನ ಹೇಳ್ಲಿಲ್ಲ ಯಂತಕ್ಕೆ ದೇವಕ್ಕಾ?”

“ನೀವು ಕೇಳ್ಲಿಲ್ಲ. ಬಂದವ್ರೆಲ್ಲ ಮೇಲೆ ನೋಡ್ಕಂಡೇ ಬಂದ್ರಿ,” ಎಂದಳು. “ಮೆಟ್ಟಿಲ ಸುದ್ದಿಯೂ ನೀ ಇವತ್ತೇ ಹೇಳ್ದದ್ದು.”

ಗೇರು ಮರಗಳ ಆ ತುಂಡು ನೆಲದಿಂದ ನದಿ ಕಾಣುವುದಿಲ್ಲ. ಆದರೆ ಬಸ್ಸು ನಿಲ್ಲುವ ಜಾಗದಿಂದ ಅದು ನೂರು ಹೆಜ್ಜೆ. ಅಂಚಿನಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ಒರತೆ. ಮೇಲಿನ ತಟ್ಟಿಗೆ ಮುದುಕರು ಹತ್ತುವುದು ಹೇಗೆ ಎಂದು ನಕ್ಷೆ ಬರೆದ ಗಂಡಸರಲ್ಲಿ ಯಾರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ನೋಟ ಚೆನ್ನಾಗಿದ್ದರೆ ಸಾಕೆಂದು ನಾವೆಲ್ಲ ನಂಬಿಬಿಟ್ಟಿದ್ದೆವು. ಆದರೆ ಒಂದು ಪ್ರಶ್ನೆ ಉಳಿದಿತ್ತು, ಅದನ್ನು ಬಸ್ಸಿನಲ್ಲಿ ನಾನೇ ಹೆದರುತ್ತಾ ಕೇಳಿದೆ. ಹೀಗೆ ದೇವಿಯ ಬಾಗಿಲಿನಿಂದ ಬಂದ ಜಾಗ ಅವರಿಗೆ ಆಗುತ್ತದೆಯೇ?

ಎರಡು ನಿಲ್ದಾಣ ಕಳೆದ ಮೇಲೆ ವಿಮಲಬಾಯಿ, “ನಿಮ್ಮ ದೇವಿ ಬೇಡ ಅಂದಳು. ದೇವಕ್ಕ ತಗೊಳ್ಳಿ ಅಂದಳು. ನಾನು ದೇವಕ್ಕನಿಂದ ತಗೋತೇನೆ,” ಎಂದರು. ನನಗೆ ಅದು ಒಪ್ಪಿಗೆಯಾಯಿತು. ಬೇಡ ಎನ್ನುವುದರ ಮೂಲಕವೂ ಕೊಡುವುದುಂಟು ಎಂದು ನಾನು ನಂಬುತ್ತೇನೆ; ಅವರು ನಂಬಬೇಕಾಗಿಲ್ಲ. ಒಂದೇ ನೆಲಕ್ಕೆ ನಾನು ದೇವಿಗೂ ಅವರು ದೇವಕ್ಕನಿಗೂ ಋಣಿಗಳಾದೆವು. ಇದರಿಂದ ಯಾರಿಗೂ ನಷ್ಟವಾದಂತೆ ನನಗೆ ಕಾಣಲಿಲ್ಲ.

ನಕ್ಷೆ ಹೊಸದಾಗಿ ಬರೆದದ್ದಾಯಿತು, ಕಾಗದಪತ್ರಗಳ ಓಡಾಟ ಗಂಡಸರು ನೋಡಿಕೊಂಡರು. ಗೇರು ಕೊಯ್ಲು ಮುಗಿದ ಮೇಲೆ, ಮಳೆಗೆ ಮುಂಚೆ, ಒಂದು ಭಾನುವಾರ ನೆಲಕ್ಕೆ ಗುರುತು ಹಾಕಲು ಹೋದೆವು. ಗಂಡಸರೆಲ್ಲ ಭವನದ ನೀರಿನ ಟಾಕಿ ಎಲ್ಲಿರಬೇಕೆಂದು ವಾದಿಸುತ್ತಿದ್ದರು. ಅಡುಗೆ ಕೋಣೆ ಒರತೆಯ ಬದಿಗಿರಲಿ ಎಂದು ನಾನು ಎರಡು ಸಲ ಹೇಳಿದ್ದು, ಮೂರನೆಯ ಸಲ ನಮ್ಮವರ ಬಾಯಲ್ಲಿ ಬಂದ ಮೇಲೆ ಎಲ್ಲರಿಗೂ ಕೇಳಿಸಿತು. ಸ್ತೂಪದ ಗುರುತು ನಮ್ಮ ಪಾಲಿಗೆ ಬಂತು. ದೇವಕ್ಕ ನಡುವೆ ಗೂಟ ಹೊಡೆದು ಹಿಡಿದುಕೊಂಡಳು, ವಿಮಲಬಾಯಿ ಗೂಟಕ್ಕೆ ಕಟ್ಟಿದ ನಾರಿನ ಹಗ್ಗ ಬಿಗಿ ಹಿಡಿದು ಸುತ್ತಲೂ ನಡೆದರು, ನಾನು ಅವರ ಹಿಂದೆ ಬಗ್ಗಿ ರಂಗೋಲಿ ಪುಡಿ ಬಿಡುತ್ತಾ ಹೋದೆ. ಒಣ ಎಲೆ ಗುಡಿಸಿದ ಕೆಂಪು ಮಣ್ಣಿನ ಮೇಲೆ ಬಿಳಿಯ ಗೆರೆ ಸುತ್ತಿ ಬಂದು ಕೂಡಿಕೊಂಡಿತು.

ದೇವಕ್ಕ ಗೆರೆಯನ್ನು ಸುತ್ತಲೂ ನೋಡಿ, “ಬಾಗಿಲು ಯಾವ ಬದಿಗೆ?” ಎಂದು ಕೇಳಿದಳು.

“ಬಾಗಿಲಿಲ್ಲ ದೇವಕ್ಕ,” ಎಂದರು ವಿಮಲಬಾಯಿ. “ಇದು ಒಳಗಿಂದ ಗಟ್ಟಿ. ನಡುವೆ ನಮ್ಮ ಊರಿಂದ ತಂದ ಒಂದು ಹಿಡಿ ಮಣ್ಣು ಇಟ್ಟು ಕಟ್ಟಿಬಿಡೋದು. ಜನ ಸುತ್ತಲೂ ನಡೀತಾರೆ, ಅಷ್ಟೇ.”

“ಪೂಜೆಯವ?”

“ಭಿಕ್ಕು ಬಂದರೆ ಅವರೂ ಸುತ್ತಲೇ.”

ದೇವಕ್ಕ ಗೆರೆಯ ನಡುವಿನ ನೆಲವನ್ನು ಕಾಲಿನಿಂದ ತುಳಿದು ನೋಡಿದಳು.

“ಒಳಗು ಅನ್ನೂದೇ ಇಲ್ಲ ಅಂದ್ಮೇಲೆ, ಯಾರನ್ನೂ ಹೊರಗೆ ನಿಲ್ಸೂಕೆ ಬರೂದಿಲ್ಲ ಅಂತಾಯ್ತು,” ಎಂದಳು. ಆಮೇಲೆ ಗೂಟವನ್ನು ಅಲುಗಿಸಿ ನೋಡಿ, ಕಲ್ಲೆತ್ತಿ ಅದರ ನೆತ್ತಿಗೆ ಇನ್ನೊಂದು ಪೆಟ್ಟು ಹಾಕಿದಳು.